ಮುಂಡಪ್ಪ ಮಾಸ್ತರರು ಹೊಳೆ ದಾಟಿದ ಭಾನುವಾರ

ಮದ್ರಾಸಿನ ಪರೀಕ್ಷಾ ಕಚೇರಿಯ ತಂತಿ ಬಂದಾಗ ಮುಂಡಪ್ಪ ಮಾಸ್ತರರು ದೇವರ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದರು. ಕೈ ಒರೆಸಿಕೊಂಡು ಓದಿದರು. ಬಂಟ್ವಾಳದಲ್ಲಿ ಪರೀಕ್ಷೆ ನಡೆಸಬೇಕಾದರೆ ಬೇರೆ ಮೇಲ್ವಿಚಾರಕರನ್ನು ಸೂಚಿಸಬೇಕು. ಅಭ್ಯರ್ಥಿ ಕಾಂತಿಯ ತಂದೆಯ ಹೆಸರೂ ಮೇಲ್ವಿಚಾರಕರ ಹೆಸರೂ ಒಂದೇ ಆಗಿದೆ. ವಾರದೊಳಗೆ ಉತ್ತರ ಬರದಿದ್ದರೆ ಎಲ್ಲರೂ ಮಂಗಳೂರಿಗೇ ಹೋಗಿ ಬರೆಯಬೇಕು.

ಅವರು ಅಲ್ಲಿಯೇ ಕುಳಿತುಬಿಟ್ಟರು. ಈ ಕೇಂದ್ರಕ್ಕಾಗಿ ಅವರು ಒಂದು ವರ್ಷ ಓಡಾಡಿದ್ದರು. ಬೆಳ್ತಂಗಡಿ, ಮೂಡಬಿದ್ರೆಯ ಕಡೆಯ ಹಳ್ಳಿಶಾಲೆಗಳಲ್ಲಿ ತರಬೇತಿಯಿಲ್ಲದೆ ಪಾಠ ಹೇಳುತ್ತಿದ್ದ ಕೆಲವರು, ಮಾಸ್ತರರ ಮಗಳು ಕಾಂತಿಯೂ ಸೇರಿ, ಶಿಕ್ಷಕರ ಪರೀಕ್ಷೆಗೆಂದು ಅಂಚೆಯಲ್ಲಿ ಪಾಠ ತರಿಸಿಕೊಂಡು ಓದುತ್ತಿದ್ದರು. ಬರುವ ಜೂನ್ ಒಳಗೆ ಪಾಸಾಗದವರನ್ನು ತೆಗೆಯುತ್ತೇವೆಂದು ಶಾಲೆಯ ಸಂಚಾಲಕರು ಹೇಳಿಬಿಟ್ಟಿದ್ದರು. ಹಿಂದಿನ ವರ್ಷ ಮಂಗಳೂರಿಗೆ ಹೋಗಿದ್ದ ರಾಜೀವಿ, ಮೊಲೆಕೂಸನ್ನು ಇಟ್ಟುಕೊಂಡು ಉಳಿಯಲು ಜಾಗ ಸಿಕ್ಕದೆ ಅರ್ಧಕ್ಕೇ ಮರಳಿದ್ದಳು. ಆಗಲೇ ಮಾಸ್ತರರ ಹೆಂಡತಿ ಪದ್ಮಾಕ್ಷಿ ಹಾಸಿಗೆ ಹಿಡಿದಿದ್ದು. "ನಮ್ಮ ಕಾಂತಿಗೂ ಹಾಗೆ ಆಗ್ಬಾರ್ದು. ನೀವು ಏನಾದ್ರೂ ಮಾಡ್ಬೇಕು" ಎಂದು ಆಕೆ ಹೇಳಿದ್ದಳು. ಅದಾಗಿ ತಿಂಗಳೊಳಗೆ ಆಕೆಯನ್ನು ದೇವರು ಕರೆದುಕೊಂಡ.

ತಂತಿಯನ್ನು ಹಿಡಿದುಕೊಂಡು ಮಾಸ್ತರರು ಕುಶಾಲಪ್ಪನ ಬಳಿಗೆ ಹೋದರು. ತಾಲೂಕು ಕಚೇರಿಯ ಎದುರು ದಸ್ತಾವೇಜು ಬರೆಯುವ ಕುಶಾಲಪ್ಪನೇ ಕೇಂದ್ರ ಕೇಳುವ ಅರ್ಜಿಯನ್ನು ತುಂಬಿಸಿದವನು. ಮೇಲ್ವಿಚಾರಕರ ಮನೆತನದವರು ಯಾರಾದರೂ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆಯೇ ಎಂದು ಅದರಲ್ಲಿ ಕೇಳಿತ್ತು. ಇಬ್ಬರೂ ಮಾಸ್ತರರ ಅಕ್ಕತಂಗಿಯರ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡು, ಯಾರೂ ಇಲ್ಲವೆಂದು ಬರೆದಿದ್ದರು. ಅಳಿಯಸಂತಾನದ ಕಟ್ಟಿನಲ್ಲಿ ಮಕ್ಕಳು ತಾಯಿಯ ಮನೆಯವರು. ಕಾಂತಿ ನಾರಾವಿಯಲ್ಲಿ ತಾಯಿಮನೆಯಲ್ಲಿ, ಸೋದರಮಾವ ಸಂಕಪ್ಪನ ಆಶ್ರಯದಲ್ಲಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಮಾಸ್ತರರು ಬಂಟ್ವಾಳಕ್ಕೆ ತಂಗಿಯ ಮನೆಗೆ ಬಂದಿದ್ದರು. ಜಮೀನಿನ ಪತ್ರಗಳಲ್ಲಿ ಕುಶಾಲಪ್ಪ ಎಂದಾದರೂ ಮಗಳನ್ನು ಅಪ್ಪನ ಮನೆತನಕ್ಕೆ ಸೇರಿಸಿ ಬರೆದದ್ದುಂಟೇ?

"ನಮ್ಮದೇನು ತಪ್ಪು ಮಾರಾಯ್ರೆ? ಮದ್ರಾಸಿನವರಿಗೆ ನಮ್ಮ ಕಟ್ಟು ಗೊತ್ತಿಲ್ಲ, ಅಷ್ಟೇ" ಎಂದ ಕುಶಾಲಪ್ಪ. ಸ್ವಲ್ಪ ಯೋಚಿಸಿ ದನಿ ತಗ್ಗಿಸಿದ. "ಒಂದು ದಾರಿ ಉಂಟು. ಸಂಕಪ್ಪಣ್ಣನ ಹೆಸರು ಕೊಡುವ. ಅವರೂ ಹೆಡ್‌ಮಾಸ್ತರಾಗಿದ್ದವರು. ಸೋದರಮಾವನ ವಿಷಯ ಮದ್ರಾಸಿನವರು ಕೇಳುವುದೇ ಇಲ್ಲ."

"ಅವನು ನನಗಿಂತ ಹತ್ತಿರದವನಲ್ಲವೋ! ಅವಳ ಮನೆಯ ಯಜಮಾನ."

"ಅದು ನಮಗೆ ಗೊತ್ತು. ಅವರಿಗೆ ಗೊತ್ತುಂಟಾ?"

"ಮೊದಲು ಬರೆದದ್ದು ತಿಳಿಯದೆ ಬರೆದದ್ದು ಕುಶಾಲಪ್ಪ. ಇದು ತಿಳಿದು ಬರೆಯುವುದು. ದೇವರೆದುರು ದೀಪ ಇಡುವ ಕೈ ಇದು. ಆಗ್ಲಿಕ್ಕಿಲ್ಲ."

"ಹಾಗಾದ್ರೆ ಕೇಂದ್ರ ಹೋಗ್ತದೆ."

"ಹೋಗ್ಲಿಕ್ಕೆ ಬಿಡುವುದಿಲ್ಲ."

ಮಾರನೆಯ ದಿನ ಮೊದಲ ಬಸ್ಸಿಗೆ ಅವರು ನಾರಾವಿಗೆ ಹೋದರು. ಕಾಂತಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಳು. ಮಾಸ್ತರರು ನಿಂತಲ್ಲಿಯೇ ನಡೆದದ್ದನ್ನೆಲ್ಲ ಹೇಳಿದರು. ಕೇಂದ್ರದ ಮಾತಿಗೆ ಅವಳು ಹೆದರುವಳೆಂದು ಅವರೆಣಿಸಿದ್ದರು. ಅವಳು ಕೇಳಿದ್ದೇ ಬೇರೆ.

"ಯಾರೂ ಇಲ್ಲ ಅಂತ ಬರೆದಿರಾ ಅಪ್ಪ?"

"ಕಾಗದದ ರೀತಿ ಹಾಗೆ ಮಗಾ."

"ಕಾಗದ ಮಾತ್ರ ಅಲ್ಲ. ಅಮ್ಮ ಹೋದ ಮೇಲೆ ನೀವು ಈ ಮೆಟ್ಟಿಲು ಹತ್ತಿದ್ದೀರಾ? ಈಗ ಸಹ ಅಂಗಳದಲ್ಲೇ ನಿಂತಿದ್ದೀರಿ, ನೆಂಟರ ಹಾಗೆ."

ಆ ಮನೆಯೊಳಗೆ ಪದ್ಮಾಕ್ಷಿ ಮಲಗಿದ್ದ ಕೋಣೆಯಿತ್ತು. ಆ ಬಾಗಿಲನ್ನು ನೋಡುವ ಧೈರ್ಯ ಮಾಸ್ತರರಿಗಿರಲಿಲ್ಲ. ಅದನ್ನು ಮಗಳಿಗೆ ಹೇಗೆ ಹೇಳುವುದು? ನಾರಾಯಣ ಎಂದುಕೊಂಡು ಮೆಟ್ಟಿಲು ಹತ್ತಿ, ಜಗಲಿಯಲ್ಲಿ ಕುಳಿತು, ಕಾಂತಿಯ ಲೇಖನಿಯನ್ನೇ ಕೇಳಿ ತೆಗೆದುಕೊಂಡು ಮದ್ರಾಸಿಗೆ ಪತ್ರ ಬರೆದರು. ಕಾಂತಿ ನನ್ನ ಮಗಳು, ತಪ್ಪು ನನ್ನದು, ಉಳಿದವರಿಗೆ ಇದರಿಂದ ತೊಂದರೆಯಾಗಬಾರದು. ಹೊಸ ಮೇಲ್ವಿಚಾರಕರ ಹೆಸರಿಗೆ ಜಾಗ ಬಿಟ್ಟರು.

ಆ ಜಾಗವನ್ನು ತುಂಬಿಸಲು ಮಾಣಿ ಎಂಬ ಊರಿಗೆ ಹೋದರು. ಅಲ್ಲಿಯ ಶಾಲೆಯ ಹೆಡ್‌ಮಾಸ್ತರ ಯಾಕೂಬ್, ಮಕ್ಕಳ ನಕಲನ್ನು ಬೆನ್ನ ಹಿಂದಿನಿಂದಲೂ ಕಾಣುವವರೆಂದು ಹೆಸರಾದವರು. ಎಲ್ಲವನ್ನೂ ಕೇಳಿ ಅವರು ನಕ್ಕರು.

"ಎಂತದು ಮಾಸ್ತರ್ರೆ, ಸ್ವಂತ ಮಗಳನ್ನೇ ಬಿಟ್ಟು ಲೆಕ್ಕ ಹಾಕಿದಿರಾ? ನೀವು ಗಣಿತದವರಲ್ಲವಾ?"

"ನಗಿ, ನಗಿ. ಆದ್ರೆ ಬನ್ನಿ. ಪರೀಕ್ಷೆಯ ಭಾನುವಾರ ನಿಮಗೆ ರಂಜಾನಿನ ನೋಂಬು ಎಂದು ಗೊತ್ತುಂಟು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪತ್ರಿಕೆ. ಕೇಳ್ಲಿಕ್ಕೇ ನಾಚಿಕೆ ಆಗ್ತದೆ."

"ನೋಂಬು ಹಿಡಿದವ ಸುಳ್ಳು ಹೇಳ್ಲಿಕ್ಕಿಲ್ಲ, ನಕಲು ಬಿಡ್ಲಿಕ್ಕೂ ಇಲ್ಲ. ಅದಕ್ಕಿಂತ ಒಳ್ಳೆಯ ದಿನ ಯಾವುದು? ಆದ್ರೆ ನನ್ನದೊಂದು ಮಾತುಂಟು. ನೀವು ಆ ದಿನ ಬಂಟ್ವಾಳದಲ್ಲಿ ಇರಬಾರ್ದು. ಶಾಲೆಯ ಹತ್ತಿರ ಅಲ್ಲ, ಊರಲ್ಲೇ ಇರಬಾರ್ದು. ನಾಳೆ ಯಾರೂ ಒಂದು ಮಾತು ಎತ್ತಬಾರ್ದು."

"ಹೊಳೆ ದಾಟಿ ಹೋಗ್ತೇನೆ."

ಪತ್ರ ಹೋಯಿತು. ಒಪ್ಪಿಗೆಯ ತಂತಿ ಬರುವವರೆಗೆ ಮಾಸ್ತರರು ಸುಮ್ಮನಿರಲಿಲ್ಲ. ಶಾಲೆಯ ಬೆಂಚುಗಳನ್ನು ದೂರ ದೂರ ಎಳೆಸಿದರು. ರಾಜೀವಿಯ ಕೂಸನ್ನು ನೋಡಿಕೊಳ್ಳಲು ತಂಗಿ ಸೇಸಮ್ಮನನ್ನು ಒಪ್ಪಿಸಿದರು. ಪ್ರಶ್ನೆಪತ್ರಿಕೆಗಳ ಮೊಹರಿನ ಲಕೋಟೆ ಅಂಚೆ ಕಚೇರಿಯಿಂದ ನೇರವಾಗಿ ಯಾಕೂಬರ ಕೈಗೇ ಸೇರುವಂತೆ ಮಾಡಿದರು. ತಾವು ಅದನ್ನು ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಸಂಕದ ಮೇಲಿಂದ ನೇತ್ರಾವತಿಯನ್ನು ದಾಟಿ ಪಾಣೆಮಂಗಳೂರಿಗೆ ಹೋಗಿ, ದೇವಸ್ಥಾನದ ಜಗಲಿಯಲ್ಲಿ ಕುಳಿತರು. ಕಾಂತಿ ಪಾಸಾಗಲೆಂದು ಬೇಡಿಕೊಳ್ಳಲು ಕೈ ಮುಗಿದವರು ತಡೆದರು. ಅದು ಕಿಟಕಿಯಿಂದ ಉತ್ತರ ಹೇಳಿಕೊಟ್ಟ ಹಾಗೆ ಅನ್ನಿಸಿತು. ಬರೆಯುವವರೆಲ್ಲರೂ ಕೊನೆಯವರೆಗೆ ಕುಳಿತು ಬರೆಯಲಿ ಎಂದಷ್ಟೇ ಕೇಳಿಕೊಂಡರು. ಅಲ್ಲಿ ಯಾಕೂಬರು ಒಂದು ಗುಟುಕು ನೀರಿಲ್ಲದೆ ನಿಂತಿದ್ದಾರೆಂಬುದು ನೆನಪಾಗಿ, ತಾವೂ ಏನನ್ನೂ ಮುಟ್ಟಲಿಲ್ಲ. ಬಿಸಿಲು ಏರಿತು, ಇಳಿಯಿತು. ಪದ್ಮಾಕ್ಷಿ ಇದ್ದಿದ್ದರೆ ಎಷ್ಟು ಸಲ ಎದ್ದು ದಾರಿ ನೋಡುತ್ತಿದ್ದಳೋ.

ಸಂಜೆ ಕಾಂತಿ ಸಂಕದ ಮೇಲೆ ನಡೆದು ಬಂದಳು. ನಾರಾವಿಯ ಬಸ್ಸು ಇರುವುದು ಆಚೆ ಬದಿಗೆ. ಈಚೆ ಬರಬೇಕಾದ ಕೆಲಸ ಅವಳಿಗಿರಲಿಲ್ಲ.

"ಎಲ್ಲರೂ ಬರೆದ್ರಾ?" ಮಾಸ್ತರರು ಎದ್ದು ನಿಂತರು.

"ಎಲ್ಲರೂ. ರಾಜೀವಿಯಕ್ಕ ಕೊನೆಯ ಗಂಟೆಯವರೆಗೂ ಬರೆದ್ರು."

"ನಿನಗೆ ಹೇಗಾಯ್ತು? ಗಣಿತದಲ್ಲಿ ಎಂತ ಬಂದಿತ್ತು?"

"ಹೇಳ್ಲಿಕ್ಕಿಲ್ಲ."

"ಯಾಕೆ ಮಗಾ?"

"ಉತ್ತರಪತ್ರಿಕೆಗಳ ಕಟ್ಟು ಇನ್ನೂ ಅಂಚೆಗೆ ಬಿದ್ದಿಲ್ಲ. ಅದು ಹೋಗುವ ತನಕ ಅಭ್ಯರ್ಥಿಯ ಮನೆಯವರ ಹತ್ತಿರ ಒಂದು ಅಕ್ಷರ ಮಾತಾಡ್ಬಾರ್ದು ಅಂತ ಯಾಕೂಬ್ ಮಾಸ್ತರ್ರು ಹೇಳಿದ್ದಾರೆ."

ಮಾಸ್ತರರು ಮಗಳ ಮುಖವನ್ನು ನೋಡಿದರು. ಅವಳು ನಗುತ್ತಿರಲಿಲ್ಲ.

"ಸರಿ, ಕೇಳುವುದಿಲ್ಲ" ಎಂದರು. "ಬಸ್ಸಿಗೆ ಹೊತ್ತಾಯ್ತು, ನಡೆ. ನಾರಾವಿಯವರೆಗೆ ನಾನೂ ಬರ್ತೇನೆ."

"ಉಳಿಯುತ್ತೀರಾ?"

"ಉಳಿಯುತ್ತೇನೆ. ಕಟ್ಟು ನಾಳೆ ಅಂಚೆಗೆ ಹೋಗ್ತದಲ್ಲ, ಆಮೇಲೆ ಗಣಿತದ ಪ್ರಶ್ನೆ ಒಂದೊಂದಾಗಿ ಹೇಳು."