ಗ್ಯಾಲನ್ನಿಗೆ ಹದಿಮೂರೂವರೆ

ಡೆಲ್ಮರ್ ಬಿಕೆಲ್‌ನ ಪಿಕಪ್ ಗ್ಯಾಲನ್ನಿಗೆ ಹನ್ನೊಂದು ಮೈಲಿ ಓಡುತ್ತಿತ್ತು. ಟ್ಯಾಂಕು ಹಿಡಿಯುತ್ತಿದ್ದದ್ದು ಹದಿನೆಂಟು ಗ್ಯಾಲನ್. ಅವನ ಹೆಂಡತಿ ಓಲೀಟಾಳ ಅಕ್ಕ ವರ್ನೆಲ್ ಇದ್ದ ಅಮರಿಲ್ಲೊಗೆ ಹೋಗಿ ಬರಲು ಇನ್ನೂರ ಮೂವತ್ತು ಮೈಲಿ. ಹೇಗೆ ಗುಣಿಸಿ ನೋಡಿದರೂ, ಮನೆ ಇನ್ನೂ ಮೂವತ್ತು ಮೈಲಿ ಇರುವಾಗಲೇ ಗಾಡಿ ಗೋಧಿಹೊಲದ ನಡುವೆ ಕೆಮ್ಮಿ ನಿಂತುಬಿಡಬೇಕು.

ಅದು ಎಪ್ಪತ್ತೊಂಬತ್ತರ ಬೇಸಿಗೆ, ದೇಶಕ್ಕೆಲ್ಲ ಪೆಟ್ರೋಲಿನ ಬರ. ಶನಿವಾರ ಮಧ್ಯಾಹ್ನ ಮುಚ್ಚಿದ ಪೆಟ್ರೋಲ್ ಬಂಕುಗಳು ಸೋಮವಾರದವರೆಗೆ ಬಾಗಿಲು ತೆಗೆಯುತ್ತಿರಲಿಲ್ಲ. ಡೆಲ್ಮರ್ ಊರಿನ ಗೋಧಿ ಗೋದಾಮಿನಲ್ಲಿ ತೂಕದವನು. ಸುಗ್ಗಿಯ ಕಾಲ, ಭಾನುವಾರ ಬಿಟ್ಟರೆ ಬಿಡುವಿಲ್ಲ. ಹೋದರೆ ಒಂದೇ ಟ್ಯಾಂಕಿನಲ್ಲಿ ಹೋಗಿ, ಅದರಲ್ಲೇ ಬರಬೇಕು.

ವರ್ನೆಲ್‌ಗೆ ಹೊಟ್ಟೆಯಲ್ಲಿ ಗಡ್ಡೆ. ಜೂನ್ ಮೊದಲ ವಾರ ಅವಳೇ ಫೋನ್ ಮಾಡಿ, ಇನ್ನೇನೂ ಮಾಡಲಾಗದೆಂದು ಡಾಕ್ಟರು ಕತ್ತರಿ ಕೆಳಗಿಟ್ಟರು ಎಂದು ನಗುತ್ತಲೇ ಹೇಳಿದ್ದಳು. ತಾಯಿ ಬೇಗ ಸತ್ತ ಆ ಮನೆಯಲ್ಲಿ ಓಲೀಟಾಳ ತಲೆ ಬಾಚಿ ಶಾಲೆಗೆ ಕಳಿಸಿದವಳು ವರ್ನೆಲ್. ಪೆಟ್ರೋಲಿನ ಚಿಂತೆ ಬಿಡಿ, ಸುಮ್ಮನೆ ಬನ್ನಿ, ಇಲ್ಲಿ ಏನಾದರೂ ಮಾಡೋಣ ಎಂದೂ ಹೇಳಿದ್ದಳು. ಓಲೀಟಾ ಅಂದೇ ಸೂಟ್‌ಕೇಸ್ ಕಟ್ಟಿ, ಅಕ್ಕನಿಗೆ ಇಷ್ಟವಾದ ಪೀಚ್ ಹಣ್ಣಿನ ಎರಡು ಜಾಡಿಗಳನ್ನು ಅದರೊಳಗಿಟ್ಟು ಬಾಗಿಲ ಬಳಿ ನಿಲ್ಲಿಸಿದಳು.

"ಕಾಯಿಲೆಯವರ ಮನೆಗೆ ಹೋಗಿ ಪೆಟ್ರೋಲ್ ಬೇಡೋದಾ?" ಎಂದ ಡೆಲ್ಮರ್. "ನಮ್ಮಪ್ಪ ಬರಗಾಲದಲ್ಲೂ ಯಾರ ಮುಂದೂ ಡಬ್ಬ ಹಿಡಿದೋನಲ್ಲ. ಗಾಡೀನ ದಾರಿಗೆ ತರ್ತೀನಿ, ನೋಡ್ತಾ ಇರು."

ಒಂದು ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಕೊಂಡು ಹೋದರಾಗದೇ ಎಂದು ಓಲೀಟಾ ಕೇಳಿದಳು. ಆ ಬಿಸಿಲಲ್ಲಿ ಬೆನ್ನ ಹಿಂದೆ ಬಾಂಬಿಟ್ಟುಕೊಂಡು ಓಡಿಸುವುದಿಲ್ಲ ಎಂದುಬಿಟ್ಟ. ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಕೆಫೆಯ ಗೋಡೆಯ ಮೇಲಿತ್ತು.

ಬೆಳಗ್ಗೆ ಆರಕ್ಕೆ ಊರಿನ ಗಂಡಸರೆಲ್ಲ ಬರ್ನೀಸಳ ಕೆಫೆಯಲ್ಲಿ ಕಾಫಿಗೆ ಸೇರುತ್ತಿದ್ದರು. ಹೆಂಗಸರು ಆ ಹೊತ್ತಿಗೆ ಅತ್ತ ಸುಳಿಯುತ್ತಿರಲಿಲ್ಲ. ಯಾರ ಗಾಡಿ ಎಷ್ಟು ಮೈಲಿ ಕೊಡುತ್ತದೆ ಎಂಬ ಜಂಬದ ಮಾತು ಕೇಳಿ ಕೇಳಿ ರೋಸಿಹೋದ ಬರ್ನೀಸ್, ಆ ಬೇಸಿಗೆ ಒಂದು ಕರಿಹಲಗೆ ತೂಗುಹಾಕಿ ಎಲ್ಲರ ಹೆಸರು ಬರೆದಿದ್ದಳು. ಪ್ರತಿ ಸೋಮವಾರ ಹೊಸ ಅಂಕಿ. ಎಲ್ಲರಿಗಿಂತ ಮೇಲೆ ಹಾರ್ಲನ್, ಹದಿನೈದು. ಎಲ್ಲರಿಗಿಂತ ಕೆಳಗೆ ಡೆಲ್ಮರ್. ಅದು ಗಾಡಿಯಲ್ಲ ಕಣೋ, ಕುಡುಕ ಎಮ್ಮೆ ಎಂದು ಹಾರ್ಲನ್ ಎಲ್ಲರೆದುರು ಅಣಕಿಸಿದ್ದ.

ಮೊದಲ ಭಾನುವಾರ ಡೆಲ್ಮರ್ ಪಿಕಪ್ಪಿನ ಹಿಂಬದಿಯ ಮರದ ಕಟಕಟೆ ಕಿತ್ತು ಇಳಿಸಿದ, ಚಕ್ರಗಳಿಗೆ ಗಾಳಿ ತುಂಬಿಸಿದ, ಮಸಿ ಹಿಡಿದ ಪ್ಲಗ್ಗುಗಳನ್ನು ಬದಲಿಸಿದ. ಎರಡನೆಯ ಭಾನುವಾರ ಕಾರ್ಬುರೇಟರ್ ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಹರಡಿದ. ಗಾಳಿಯ ದಾರಿ ಮುಚ್ಚಿ ತೆರೆಯುವ ಚೋಕ್ ಅರ್ಧ ಮುಚ್ಚಿದಂತೆಯೇ ಅಂಟಿಕೊಂಡಿತ್ತು. ಎಷ್ಟು ವರ್ಷದಿಂದಲೋ ಎಂಜಿನ್ನು ಬೇಕಾದ್ದಕ್ಕಿಂತ ಹೆಚ್ಚು ಕುಡಿಯುತ್ತಿತ್ತು. ಅದನ್ನು ಸಡಿಲಿಸಿ, ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ಟನ್ನು ಒಂದು ಅಳತೆ ಸಣ್ಣದಕ್ಕೆ ಬದಲಿಸಿದ. ಓಲೀಟಾ ಊಟಕ್ಕೆ ಜಾಗವಿಲ್ಲದೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಳು, ಗೊಣಗಲಿಲ್ಲ.

ಪರೀಕ್ಷೆ ಮಾಡುವ ಕ್ರಮ ಅವನದೇ. ಟ್ಯಾಂಕಿನಿಂದ ಸರಿಯಾಗಿ ಒಂದು ಗ್ಯಾಲನ್ ಗಾಜಿನ ಜಾಡಿಗೆ ಎಳೆದು, ಅದನ್ನು ಕನ್ನಡಿಯ ಕಂಬಿಗೆ ಕಟ್ಟಿ, ಕೊಳವೆಯನ್ನು ನೇರ ಎಂಜಿನ್ನಿನ ಪಂಪಿಗೆ ಸೇರಿಸಿ, ಜಾಡಿ ಬರಿದಾಗಿ ಗಾಡಿ ನಿಲ್ಲುವ ತನಕ ಓಡಿಸುವುದು. ನಿಂತಲ್ಲಿ ಮೈಲಿ ಓದಿಕೊಂಡು, ಕೊಳವೆ ಬದಲಿಸಿ ಮನೆಗೆ ಬರುವುದು. ಒಂದೊಂದು ಭಾನುವಾರ ಮೂರು ಜಾಡಿ, ಕೆಲವೊಮ್ಮೆ ನಾಲ್ಕು. ಬೆನ್ನ ಹಿಂದೆ ಕ್ಯಾನಿದ್ದರೆ ಬಾಂಬು ಎಂದವನಿಗೆ ಮೊಣಕೈ ಪಕ್ಕದ ಜಾಡಿ ಏನೂ ಅನಿಸಲಿಲ್ಲ.

ಮೂರನೆಯ ಭಾನುವಾರ ಜಾಡಿ ಬರಿದಾಗಿ ಗಾಡಿ ನಿಂತಾಗ ಹದಿಮೂರೂವರೆ ಮೈಲಿ ಆಗಿತ್ತು. ಡೆಲ್ಮರ್ ರಸ್ತೆಬದಿಯಲ್ಲಿ ಒಬ್ಬನೇ ನಿಂತು ಟೋಪಿ ತೆಗೆದು ನಕ್ಕ. ಅಮರಿಲ್ಲೊಗೆ ಹೋಗಿ ಬಂದರೂ ಹತ್ತು ಮೈಲಿಗಾಗುವಷ್ಟು ಪೆಟ್ರೋಲ್ ಮಿಕ್ಕುತ್ತದೆ. ಮನೆಗೆ ಬರುವ ದಾರಿಯಲ್ಲಿ ಅವನಿಗೆ ಇನ್ನೊಂದು ಹೊಳೆಯಿತು: ಕಿಡಿ ಹೊತ್ತುವ ಸಮಯವನ್ನು ಎರಡು ಡಿಗ್ರಿ ಮುಂದೆ ತಂದರೆ ಹದಿನೈದೇ ದಾಟಬಹುದು, ಹಾರ್ಲನ್‌ನ ಬಾಯಿ ಮುಚ್ಚಿಸಬಹುದು.

"ಎಷ್ಟಾಯ್ತು?" ಎಂದಳು ಓಲೀಟಾ. ಸೂಟ್‌ಕೇಸಿನಿಂದ ಉಡುಪು ತೆಗೆದು ಮತ್ತೆ ಇಸ್ತ್ರಿ ಮಾಡುತ್ತಿದ್ದಳು.

"ಹನ್ನೆರಡು," ಎಂದ ಡೆಲ್ಮರ್. "ಸ್ವಲ್ಪ ಕಮ್ಮಿ ಬಿತ್ತು. ಇನ್ನೊಂದು ವಾರ ಕಣೇ."

ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ಅವನಿಗೇ ವಿಚಿತ್ರವೆನಿಸಿತು. ಒಂದು ವಾರದಲ್ಲಿ ಏನು ಮುಳುಗಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ಮರುದಿನ ಬರ್ನೀಸ್ ಹಲಗೆಯ ಮೇಲೆ ಹನ್ನೊಂದು ಒರೆಸಿ ಹದಿಮೂರೂವರೆ ಬರೆದಾಗ ಕೆಫೆಯವರೆಲ್ಲ ಚಪ್ಪಾಳೆ ತಟ್ಟಿದರು. ಅವನ ಹೆಸರು ಐದನೆಯದಕ್ಕೆ ಏರಿತು.

ನಾಲ್ಕನೆಯ ವಾರ ಹದಿನಾಲ್ಕು. ಐದನೆಯ ವಾರ ಹದಿನಾಲ್ಕೂವರೆ. ಓಲೀಟಾ ಎಷ್ಟಾಯಿತೆಂದು ಕೇಳುವುದನ್ನೇ ನಿಲ್ಲಿಸಿದ್ದಳು. ತಾಳ್ಮೆ ಬಂತೆಂದು ಡೆಲ್ಮರ್ ತಿಳಿದ. ಆರನೆಯ ವಾರದ ಬುಧವಾರ ಮಧ್ಯಾಹ್ನ ಗೋದಾಮಿಗೆ ಫೋನ್ ಬಂತು. ವರ್ನೆಲ್ ಬೆಳಗ್ಗೆಯೇ ಹೋಗಿಬಿಟ್ಟಿದ್ದಳು.

ಧಣಿ ಏನನ್ನೂ ಕೇಳದೆ ಎರಡು ದಿನ ರಜೆ ಕೊಟ್ಟ. ಕೇಳಿದ್ದರೆ ಜೂನಿನಲ್ಲೂ ಕೊಡುತ್ತಿದ್ದನೇನೋ, ಡೆಲ್ಮರ್ ಕೇಳಿರಲಿಲ್ಲ.

ಶುಕ್ರವಾರ ಪಿಕಪ್ ಅಮರಿಲ್ಲೊವರೆಗೆ ಒಮ್ಮೆಯೂ ತಡವರಿಸದೆ ಓಡಿತು. ಅಷ್ಟು ಚೆನ್ನಾಗಿ ಅದು ಹೊಸದರಲ್ಲೂ ಓಡಿರಲಿಲ್ಲ. ದಾರಿಯುದ್ದಕ್ಕೂ ಡೆಲ್ಮರ್ ಜಾಡಿಗಳನ್ನು ಎಣಿಸುತ್ತಿದ್ದ. ಐದು ಭಾನುವಾರಗಳಲ್ಲಿ ಹದಿನೆಂಟು ಜಾಡಿ. ಒಂದು ಪೂರ್ತಿ ಟ್ಯಾಂಕನ್ನು ಅವನು ಊರ ಸುತ್ತ ಸುಟ್ಟಿದ್ದ. ಮುಳ್ಳು ಅರ್ಧಕ್ಕಿಂತ ಮೇಲಿರುವಾಗಲೇ ವರ್ನೆಲ್‌ಳ ಬೀದಿ ಬಂತು. ಓಲೀಟಾ ಅದನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು.

ಮಣ್ಣಾದ ಮೇಲೆ ಪಕ್ಕದ ಮನೆಯ ಮುದುಕ ಎಮ್ಮೆಟ್ ಅವರನ್ನು ಹಿತ್ತಿಲಿಗೆ ಕರೆದ. ಶೆಡ್ಡಿನಲ್ಲಿ ಐದು ಗ್ಯಾಲನ್ನಿನ ಕೆಂಪು ಕ್ಯಾನೊಂದು ನೆರಳಿನಲ್ಲಿತ್ತು. ಅದರ ಮೇಲೆ ಅಂಟಿಸಿದ್ದ ಪಟ್ಟಿಯಲ್ಲಿ ವರ್ನೆಲ್‌ಳ ಓರೆ ಅಕ್ಷರ: ಓಲೀಟಾ ಮತ್ತು ಡೆಲ್ಮರ್, ವಾಪಸು ಹೋಗಲು.

"ಜೂನಲ್ಲೇ ತುಂಬಿಸಿ ಇಡಿಸಿದ್ಲಮ್ಮ," ಎಂದ ಎಮ್ಮೆಟ್. "ಸಾಲಲ್ಲಿ ನಿಂತು ತಂದೋನು ನಾನೇ. ನನ್ನ ಗಾಡಿ ಒಣಗಿ ನಿಂತಾಗ ಒಂದು ಲೋಟ ಕೇಳಿದ್ರೂ ಕೊಡ್ಲಿಲ್ಲ. ಅವ್ರು ಈ ಭಾನುವಾರ ಬರ್ತಾರೆ, ಮುಟ್ಟಬೇಡ ಅನ್ನೋಳು. ಪ್ರತಿ ಭಾನುವಾರ ಅದೇ ಮಾತು."

ಟ್ಯಾಂಕಿನಲ್ಲಿ ಬೇಕಾದಷ್ಟಿದೆ, ಇದನ್ನು ನೀವೇ ಇಟ್ಟುಕೊಳ್ಳಿ ಎಂದು ಡೆಲ್ಮರ್ ಎಮ್ಮೆಟ್‌ಗೆ ತೊದಲಿದ.

"ಹುಯ್ಯಿ ಅದನ್ನ," ಎಂದಳು ಓಲೀಟಾ.

"ಬೇಕಾಗಿಲ್ಲ ಕಣೇ, ಹೋಗೋಕೆ ಸಾಕಾಗಿ..."

"ಗೊತ್ತು. ಆದ್ರೂ ಹುಯ್ಯಿ. ನಮಗೇಂತ ಇಟ್ಟಿದ್ಲು."

ಅವನು ಕ್ಯಾನನ್ನು ಪಿಕಪ್ಪಿನ ಬಳಿಗೆ ಒಯ್ದು ಟ್ಯಾಂಕಿಗೆ ಸುರಿದ. ಸ್ವಲ್ಪ ಬೂಟಿನ ಮೇಲೆ ಚೆಲ್ಲಿತು. ಓಲೀಟಾ ಪಕ್ಕದಲ್ಲೇ ನಿಂತು ಕೊನೆಯ ಹನಿಯವರೆಗೆ ನೋಡಿದಳು. ಆಮೇಲೆ ಪಟ್ಟಿಯನ್ನು ಜೋಪಾನವಾಗಿ ಬಿಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಪೀಚ್ ಜಾಡಿಗಳು ಎಮ್ಮೆಟ್‌ನ ಪಾಲಾದವು.

ವಾಪಸು ಬರುವಾಗ ನದಿಯ ಸೇತುವೆ ದಾಟಿದ ಮೇಲೆ ಡೆಲ್ಮರ್‌ಗೆ ತಡೆಯಲಾಗಲಿಲ್ಲ.

"ಮೂರನೇ ಭಾನುವಾರವೇ ಸಾಕಾಗಿತ್ತು, ಓಲೀಟಾ. ಹದಿಮೂರೂವರೆ ಬಂದಿತ್ತು. ನಿಂಗೆ ಸುಳ್ಳು ಹೇಳಿದೆ."

"ಗೊತ್ತಿತ್ತು," ಎಂದಳು ಅವಳು. "ಆ ಮಂಗಳವಾರ ಮೊಟ್ಟೆ ಕೊಡೋಕೆ ಬರ್ನೀಸ್ ಹತ್ರ ಹೋಗಿದ್ದೆ. ಗೋಡೆ ಮೇಲೆ ಬರೆದಿತ್ತು."

"ಮತ್ತೆ ಯಾಕೆ ಕೇಳ್ಲಿಲ್ಲ ನೀನು?" ಎಂದ ಡೆಲ್ಮರ್.

"ನೀನಾಗೇ ಹೇಳ್ಲಿ ಅಂತ ಕಾದೆ. ಸೂಟ್‌ಕೇಸ್ ಕಟ್ಟಿಟ್ಕೊಂಡು ಎರಡು ಭಾನುವಾರ ಹಟಕ್ಕೆ ಕೂತೆ. ಅಲ್ಲಿ ಅವಳೂ ಕಾಯ್ತಾ ಇದ್ಲು." ಓಲೀಟಾ ಕೈಚೀಲದ ಕೊಂಡಿ ತೆಗೆದು ಮತ್ತೆ ಮುಚ್ಚಿದಳು. "ಅದು ನನ್ನ ಪಾಲಿಂದು, ಡೆಲ್ಮರ್. ಅದನ್ನ ನಿನ್ನ ತಲೆಗೆ ಕಟ್ಟಲ್ಲ."

ಅವನು ಒಂದು ಕೈ ಅವಳತ್ತ ಚಾಚಿದ. ಅವಳು ಹಿಡಿಯಲಿಲ್ಲ, ತಳ್ಳಲೂ ಇಲ್ಲ. ಮನೆಯ ಮುಂದೆ ಎಂಜಿನ್ ಆರಿಸಿದಾಗ ಟ್ಯಾಂಕಿನಲ್ಲಿ ಇನ್ನೂ ಏಳು ಗ್ಯಾಲನ್ ಇತ್ತು. ವರ್ನೆಲ್ ಎತ್ತಿಟ್ಟ ಐದೂ ಅದರಲ್ಲಿ ಹಾಗೇ ಉಳಿದಿದ್ದವು.