ಗಡಿಯಾರದ ಬ್ಲಾಗಿಗೆ ಬಂದ ಕಾಮೆಂಟು

ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ ಮೇಲೆ, ಅದೇ ಮೇಜಿನ ಮುಂದೆ ಕೂತು ಗಡಿಯಾರಗಳ ಬಗ್ಗೆ ಬ್ಲಾಗ್ ಬರೆಯುತ್ತೇನೆ. ನೆಂಟರಿಷ್ಟರು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಯಾರೋ ಒಬ್ಬರು, ‘ತುಂಬಾ ಉಪಯುಕ್ತ ಬರಹ, ನಮ್ಮ ಶೂ ನೋಡಿ’ ಎಂದು ಕಾಮೆಂಟು ಹಾಕಿರುತ್ತಿದ್ದರು. ಶೂ ಮಾರುವವರಿಗೆ ಗಡಿಯಾರದ ಹುಚ್ಚು ಇರಬಾರದೇ?

ನಿನ್ನೆ ಅಣ್ಣನ ಮಗಳು ಬಂದು ಬ್ಲಾಗಿನ ಸಾಫ್ಟ್‌ವೇರನ್ನು ಅಪ್‌ಗ್ರೇಡ್ ಮಾಡಿ ಹೋದಳು. ಇವತ್ತು ನೋಡಿದರೆ ಕಾಮೆಂಟೇ ಇಲ್ಲ. ಫೋನ್ ಮಾಡಿ ರೇಗಿದೆ.

“ಚಿಕ್ಕಪ್ಪ, ಅದನ್ನ ಬರೀತಿದ್ದಿದ್ದು ಮನುಷ್ಯರಲ್ಲ, ಯಂತ್ರ. ಹೊಸ ಸಾಫ್ಟ್‌ವೇರು ಅಂಥದ್ದನ್ನ ತಡೆಯುತ್ತೆ.”

“ಜೀವಮಾನವೆಲ್ಲ ಯಂತ್ರಕ್ಕೇ ಕಿವಿಗೊಟ್ಟವನು ನಾನು. ಆ ತಡೆ ತೆಗಿ.”

ಗೊಣಗುತ್ತಲೇ ಅಲ್ಲಿಂದಲೇ ತೆಗೆದಳು. ಮಧ್ಯಾಹ್ನ ಶೂ ಕಾಮೆಂಟು ಬಂತು. ಅದರ ಕೆಳಗೆ ನಾನು ಬರೆದೆ: “ಊಟ ಆಯ್ತಾ?”