ಕೊಳ ತಿಕ್ಕುವ ಸದ್ದು

ಈಜು ಟೀಚರಮ್ಮನ ಗಂಡ ತೀರಿಕೊಂಡ ಮೇಲೆ ಆ ಮನೆಯ ಹಿತ್ತಲಿನ ಈಜುಕೊಳವನ್ನು ತಿಕ್ಕುವವರಿಲ್ಲದಾಯಿತು. ಮನೆ ನಡೆಯುತ್ತಿದ್ದದ್ದೇ ಆ ಕೊಳದಿಂದ. ಪುಟ್ಟ ಮಕ್ಕಳಿಗೆ ನೀರಿನ ಹೆದರಿಕೆ ಬಿಡಿಸಿ ತೇಲುವುದು, ಉಸಿರು ಹಿಡಿಯುವುದು ಕಲಿಸುವುದು ಅವಳ ಕೆಲಸ. ನೀರನ್ನು ಕನ್ನಡಿಯ ಹಾಗೆ ಇಡುವುದು ಅವನದು. ಬೆಳಗ್ಗೆ ಎದ್ದವನೇ ಉದ್ದ ಕೋಲಿನ ಬ್ರಶ್ಶಿನಿಂದ ತಳ ತಿಕ್ಕುತ್ತಿದ್ದ. ಆಮೇಲೆ ನೀರಿಗಿಳಿದು ಅಂಚಿನ ಟೈಲ್ಸುಗಳ ಪಾಚಿಯನ್ನು ಚಿಕ್ಕ ಕೈಬ್ರಶ್ಶಿನಿಂದ ಉಜ್ಜುತ್ತಿದ್ದ. ಹಾಗೆ ಉಜ್ಜುತ್ತಿದ್ದ ಒಂದು ಬೆಳಗ್ಗೆ, ಆಳದ ತುದಿಯಲ್ಲಿ, ಕಬ್ಬಿಣದ ಏಣಿಯ ಪಕ್ಕ ಅವನ ಹೃದಯ ನಿಂತುಹೋಯಿತು. ಅವಳು ಕ್ಲೋರಿನ್ ತರಲು ಅಂಗಡಿಗೆ ಹೋಗಿದ್ದಳು. ತಿರುಗಿ ಬಂದಾಗ ಬ್ರಶ್ಶು ನೀರಿನ ಮೇಲೆ ತೇಲುತ್ತಿತ್ತು. ಅವನು ತಳದಲ್ಲಿದ್ದ.

ಒಂದು ವರ್ಷ ಅವಳು ಆ ಕಡೆ ತಲೆ ಹಾಕಲಿಲ್ಲ. ನೀರು ಹಸಿರಾಯಿತು, ಆಮೇಲೆ ಕಪ್ಪಾಯಿತು. ಮಕ್ಕಳ ತಾಯಂದಿರು ಮೊದಮೊದಲು ಸಮಾಧಾನ ಹೇಳಲು ಫೋನ್ ಮಾಡುತ್ತಿದ್ದರು, ಬರುಬರುತ್ತಾ "ಮತ್ತೆ ಯಾವಾಗ ಶುರು ಮಾಡ್ತೀರಾ?" ಎಂದು ಕೇಳತೊಡಗಿದರು. ಕೊನೆಗೊಂದು ದಿನ ನೀರನ್ನೆಲ್ಲ ಖಾಲಿ ಮಾಡಿಸಿ ಹೊಸ ನೀರು ತುಂಬಿಸಿದಳು. ಆದರೆ ಬ್ರಶ್ಶಿನ ಕೋಲು ಹಿಡಿಯಲು ಹೋದರೆ ಕೈ ಬರಲಿಲ್ಲ. ಅವನ ಅಂಗೈ ತಾಗಿ ತಾಗಿ ಹಿಡಿಕೆಯ ರಬ್ಬರು ಒಂದು ಕಡೆ ನುಣುಪಾಗಿ ತೆಳುವಾಗಿತ್ತು. ಅದನ್ನು ಇದ್ದಲ್ಲೇ ಗೋಡೆಗೆ ಒರಗಿಸಿ ಒಳಗೆ ಬಂದು ಕೊಳ ತೊಳೆಯುವ ರೋಬೋ ಮಾರುವ ಅಂಗಡಿಗೆ ಫೋನ್ ಮಾಡಿದಳು.

ಮನೆಯಲ್ಲಿ ಅವಳ ಜೊತೆಗಿದ್ದವರು ಅತ್ತೆಯೊಬ್ಬರೇ. ಅವರ ಕಣ್ಣು ಮಂಜಾಗಿತ್ತು, ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕಿವಿ ಮಾತ್ರ ಭಾರಿ ಚುರುಕು. ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಇಲ್ಲಿ ಕೂತು ಅದು ದೊಡ್ಡದೋ ಚಿಕ್ಕದೋ ಹೇಳುತ್ತಿದ್ದರು.

"ನನ್ನ ಮಗ ಮಾಡ್ತಿದ್ದ ಕೆಲಸಾನ ಯಂತ್ರ ಮಾಡುತ್ತಾ?" ಎಂದು ಕೇಳಿದರು.

"ನನ್ನ ಕೈಲಿ ಆಗ್ತಿಲ್ಲ ಅತ್ತೆ."

"ಆಗ್ತಿಲ್ಲ ಅಂತ ನನಗೂ ಗೊತ್ತು. ಸುಮ್ನೆ ಕೇಳ್ದೆ."

ಅಂಗಡಿಯವನು ಎರಡು ಯಂತ್ರ ಹೊತ್ತು ತಂದ. ಬಾಯಿ ಬಿಟ್ಟರೆ ಮುಚ್ಚದ ಆಸಾಮಿ. "ಎರಡನ್ನೂ ಇಟ್ಕೊಂಡು ನೋಡಿ ಮೇಡಂ, ಒಗ್ಗಿದ್ದು ಉಳಿಸ್ಕೊಳ್ಳಿ, ಇನ್ನೊಂದನ್ನ ನಾನೇ ಬಂದು ಒಯ್ತೀನಿ. ಒಂದೇ ಮಾತು, ಇದು ಓಡ್ತಿರುವಾಗ ಯಾರೂ ನೀರಿಗಿಳೀಬಾರ್ದು. ಇಗೋ, ಇದು ಹೊಸಾದು. ವೈರಿಲ್ಲ, ಗೋಡೆ ಹತ್ತುತ್ತೆ, ಸದ್ದಂತೂ ಇಲ್ಲವೇ ಇಲ್ಲ. ಓಡ್ತಿದೆ ಅಂತ ನೀರಿಗೇ ಗೊತ್ತಾಗಲ್ಲ!"

ಅವನು ಹೋದ ಮೇಲೆ ಅವಳು ಪರೀಕ್ಷೆಗೆಂದು ಒಂದು ಹಿಡಿ ಮರಳನ್ನೂ ಒಣಗಿದ ಎಲೆಗಳನ್ನೂ ಕೊಳಕ್ಕೆ ಎಸೆದು, ಎಲ್ಲ ತಳ ಸೇರಿದ ಮೇಲೆ ಹೊಸ ಯಂತ್ರವನ್ನು ನೀರಿಗೆ ಬಿಟ್ಟಳು. ಅದು ಗುಳುಕ್ಕೆಂದು ಮುಳುಗಿ, ತಳ ಮುಟ್ಟಿ, ಮೆಲ್ಲಗೆ ಹೊರಟಿತು. ಹೋದಲ್ಲೆಲ್ಲ ಟೈಲ್ಸಿನ ನೀಲಿ ಬಣ್ಣ ಪಟ್ಟೆಪಟ್ಟೆಯಾಗಿ ಎದ್ದು ಕಾಣತೊಡಗಿತು. ಒಳ್ಳೆಯ ಕೆಲಸಗಾರ ಎಂದುಕೊಂಡಳು.

ಹಿಂಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಕೇಳಿದರು, "ಶುರು ಮಾಡ್ತೀಯೇನೇ?"

"ಆಗ್ಲೇ ಓಡ್ತಿದೆ ಅತ್ತೆ."

"ಎಲ್ಲಿ?"

"ನಡುವಿನಲ್ಲಿದೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಈಗೆಲ್ಲಿದೆ?" ಮತ್ತೆ, "ಈಗ?" ಊಟಕ್ಕೆ ಕರೆದರೆ ಏಳಲಿಲ್ಲ. ಕುರ್ಚಿಯ ಕೈ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. "ನೀರೊಳಗೆ ಏನೋ ಓಡಾಡ್ತಿದೆ, ಇದೆಯೋ ಇಲ್ಲವೋ ಅಂತ ಸುಳಿವೇ ಇಲ್ಲ. ನನಗೆ ಎದೆ ಡವಡವ ಅನ್ನುತ್ತೆ ಕಣೇ. ಇದನ್ನ ತೆಗಿ ಮೊದ್ಲು" ಎಂದರು. ಅವಳು ತೆಗೆದಳು.

ಮರುದಿನ ಎರಡನೆಯದರ ಸರದಿ. ಅದು ಹಳೆಯ ಮಾದರಿ. ದಪ್ಪ ನೀಲಿ ವೈರು, ಹೊಟ್ಟೆಯಡಿ ಎರಡು ಉರುಳೆ ಬ್ರಶ್ಶು, ಬೆನ್ನು ಉಬ್ಬಿದ ದಡೂತಿ ಯಂತ್ರ. ನೀರಿಗೆ ಬಿಟ್ಟು ಗುಂಡಿ ಒತ್ತಿದ್ದೇ ತಡ, ತಳದಿಂದ ಸದ್ದು ಎದ್ದಿತು. ಚರ್ರ್... ಚರ್ರ್... ನಡುವೆ ಒಂದು ಉಸಿರಿನಷ್ಟು ಬಿಡುವು, ಮತ್ತೆ ಚರ್ರ್. ಅವಳು ಕೈಯಲ್ಲಿದ್ದ ವೈರನ್ನು ಬಿಡುವುದನ್ನೂ ಮರೆತು ನಿಂತಳು. ಹಿಂದೆ ತಿರುಗಿ ನೋಡಿದರೆ ಅತ್ತೆ ಕುರ್ಚಿಯಿಂದ ಅರ್ಧ ಎದ್ದಿದ್ದರು. ಎಷ್ಟೋ ವರ್ಷ ಇಬ್ಬರ ಬೆಳಗೂ ಅವನ ಬ್ರಶ್ಶಿನ ಅದೇ ಸದ್ದಿನಿಂದ ಆಗುತ್ತಿತ್ತು.

ಅತ್ತೆ ಆ ದಿನ ಕರೆದ ಕೂಡಲೇ ಊಟಕ್ಕೆ ಕೂತರು. "ಹೇಗಿದೆಯೇ ನೋಡೋಕೆ?" ಎಂದು ವಿಚಾರಿಸಿ, ಅವಳು ವರ್ಣಿಸಿದ ಮೇಲೆ, "ಅಂದ್ರೆ ಆಮೆ ಅನ್ನು" ಎಂದು ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಅಷ್ಟರಲ್ಲಿ ಸದ್ದು ನಿಂತಿತು.

ಅವಳು ಎದ್ದು ಹೋಗಿ ನೋಡಿದಳು. ಆಮೆ ಆಳದ ತುದಿಯಲ್ಲಿ, ಏಣಿಯ ಕೆಳಗೆ ಗೋಡೆಗೆ ಮೂಗು ಒತ್ತಿ ನಿಂತಿತ್ತು. ಮೇಲೆ ಒಂದು ಗುಳ್ಳೆಯೂ ಬರುತ್ತಿರಲಿಲ್ಲ. ಗುಂಡಿಯ ಕಡೆ ಕೈ ಚಾಚುವಷ್ಟರಲ್ಲಿ ಅದು ತಾನಾಗಿಯೇ ಹೊರಳಿ, ಚರ್ರೆಂದು ಹೊರಟಿತು. ಹಿಂದಿರುಗಿ ಬಂದಾಗ ಅತ್ತೆಯ ತಟ್ಟೆಯಲ್ಲಿ ಉಳಿದದ್ದು ಹಾಗೇ ಇತ್ತು.

ಆ ದಿನ ಅದು ಮತ್ತೆರಡು ಸಲ ಅಲ್ಲೇ ನಿಂತದ್ದು ಕಂಡು ಅಂಗಡಿಯವನಿಗೆ ಫೋನ್ ಮಾಡಿದಳು. "ಗೋಡೆ ಸಿಕ್ಕಾಗ ನಿಂತು, ದಾರಿ ಲೆಕ್ಕ ಹಾಕಿ ತಿರುಗುತ್ತೆ ಮೇಡಂ, ಅದರ ಗುಣವೇ ಹಾಗೆ" ಎಂದ.

"ಬೇರೆ ಗೋಡೆ ಹತ್ರ ಹೀಗೆ ನಿಲ್ಲಲ್ಲ. ಏಣಿ ಹತ್ರ ಮಾತ್ರ ತುಂಬಾ ಹೊತ್ತು ನಿಲ್ಲುತ್ತೆ."

"ಅಲ್ಲಿ ತಳ ಇಳಿಜಾರಿರ್ಬೇಕು. ಬೇಡ ಅಂದ್ರೆ ಬೇರೆ ತಂದ್ಕೊಡ್ತೀನಿ ಬಿಡಿ."

ಇಳಿಜಾರು ಇದ್ದದ್ದು ನಿಜವೇ. ಅವಳು ಅದನ್ನೇ ಮನಸ್ಸಿಗೆ ಹೇಳಿಕೊಂಡಳು.

ಮರುದಿನ ಬೆಳಗ್ಗೆ ಆಮೆಯನ್ನು ಬಿಟ್ಟು, ಹೊರಗಿನ ಕೋಣೆಯಲ್ಲಿ ಒಬ್ಬ ತಾಯಿಯ ಜೊತೆ ಫೋನಿನಲ್ಲಿ ಪಾಠದ ವೇಳೆಯ ಮಾತಾಡುತ್ತಿದ್ದಳು. ಮಾತಿನ ಮಧ್ಯೆ ಮನೆ ಇದ್ದಕ್ಕಿದ್ದಂತೆ ಮೌನವಾದದ್ದು ಗಮನಕ್ಕೆ ಬಂತು. ಸದ್ದು ನಿಂತಿತ್ತು. ಹೊರಡುತ್ತದೆ ಬಿಡು ಎಂದುಕೊಂಡಳು. ಹೊರಡಲಿಲ್ಲ. ಬದಲಿಗೆ ಹಿತ್ತಲಿನಿಂದ ಒಂದು ಕೂಗು ಬಂತು.

"ಮಗಾ... ಏಳೋ ಮಗಾ..."

ಫೋನನ್ನು ಎಲ್ಲಿ ಎಸೆದಳೋ, ಓಡಿದಳು. ಅತ್ತೆ ಗೋಡೆ ಹಿಡಿದು ಕೊಳದ ತನಕ ಹೋಗಿ, ಮೆಟ್ಟಿಲಿಳಿದು, ಉಟ್ಟ ಬಟ್ಟೆಯಲ್ಲೇ ಎದೆಯುದ್ದ ನೀರಿನಲ್ಲಿ ನಿಂತಿದ್ದರು. ಕೈ ಮುಂದೆ ಚಾಚಿ ಆಳದ ಕಡೆಗೇ ನಡೆಯುತ್ತಿದ್ದರು. ಇನ್ನೊಂದು ಹೆಜ್ಜೆ ಇಟ್ಟರೆ ಕಾಲಡಿಯ ನೆಲ ಜಾರುತ್ತದೆ. ಅಂಗಡಿಯವನ ಎಚ್ಚರಿಕೆಯಾಗಲಿ, ವರ್ಷದಿಂದ ನೀರು ಮುಟ್ಟದೆ ಇದ್ದದ್ದಾಗಲಿ ಅವಳಿಗೆ ನೆನಪಾಗಲಿಲ್ಲ. ಹಾರಿದಳು. ಅತ್ತೆ ಮುಳುಗಿದ ಗಳಿಗೆಯಲ್ಲೇ ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿ, ಹೆದರಿದ ಮಕ್ಕಳನ್ನು ಹಿಡಿಯುವ ಹಾಗೆ ಎದೆಗೆ ಒತ್ತಿಕೊಂಡು ಮೆಟ್ಟಿಲಿಗೆ ಎಳೆದು ತಂದಳು.

ಇಬ್ಬರೂ ಮೆಟ್ಟಿಲ ಮೇಲೆ, ಸೊಂಟದ ತನಕ ನೀರಿನಲ್ಲಿ ಕೂತರು. ಅತ್ತೆ ಕೆಮ್ಮಿ ಕೆಮ್ಮಿ, ಕೊನೆಗೆ ಸುಧಾರಿಸಿಕೊಂಡು ಹೇಳಿದರು.

"ಅವತ್ತೂ ಹೀಗೇ ನಿಂತಿತ್ತು ಕಣೇ ಸದ್ದು. ನನಗೆ ಕೇಳಿಸ್ತು, ನಿಂತಿದ್ದು ಕೇಳಿಸ್ತು. ಕೆಲಸ ಮುಗೀತು, ಈಗ ಬರ್ತಾನೆ ಅಂದ್ಕೊಂಡೆ. ಅವನಿಗೆ ಅಂತ ಕಾಫಿ ಬಿಸಿ ಮಾಡ್ತಾ ನಿಂತೆ. ಎರಡು ಸಲ ಬಿಸಿ ಮಾಡ್ದೆ."

"ಅತ್ತೆ, ಡಾಕ್ಟರು ಹೇಳಿದ್ರಲ್ಲ, ಒಂದೇ ಕ್ಷಣದಲ್ಲಿ ಆಗ್ಹೋಯ್ತು, ಪಕ್ಕದಲ್ಲೇ ಇದ್ದಿದ್ರೂ..."

"ಡಾಕ್ಟರು ಹೇಳ್ತಾರೆ. ಸದ್ದು ನಿಂತಿದ್ದು ಕೇಳಿಸಿದ್ದು ಅವರಿಗಲ್ಲ, ನನಗೆ."

ಅವಳು ಅತ್ತೆಯ ಒದ್ದೆ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. ಆಗ ಆಳದಲ್ಲಿ ಚರ್ರೆಂದಿತು. ಏಣಿಯ ಕೆಳಗಿನಿಂದ ಆಮೆ ಹೊರಟಿತ್ತು. ಇಳಿಜಾರು ಹತ್ತಿ, ನೇರವಾಗಿ ಮೆಟ್ಟಿಲ ತನಕ ಬಂದು, ಇಬ್ಬರ ಪಾದಗಳಿಗೆ ತಗುಲುವಷ್ಟು ಹತ್ತಿರದಲ್ಲಿ ಹಾದು ಹೋಯಿತು. ಅದು ಎಬ್ಬಿಸಿದ ನೀರು ಕಾಲಿಗೆ ಬೆಚ್ಚಗೆ ಸೋಕಿತು. ಯಂತ್ರದ ಬಿಸಿ ಎಂದು ಅವಳಿಗೆ ಗೊತ್ತಿತ್ತು. ಆದರೂ ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

ಅಂಗಡಿಯವನು ಬಂದಾಗ ಅವಳು ಆಮೆಯನ್ನು ಕೊಟ್ಟುಬಿಡುವ ಮನಸ್ಸು ಮಾಡಿದ್ದಳು. ಅತ್ತೆ ಬಿಡಲಿಲ್ಲ. "ಸದ್ದು ಮಾಡೋದೇ ಇರ್ಲಿ. ನಿಂತ್ರೆ ನಿಂತಿದೆ ಅಂತ ತಿಳಿಯುತ್ತಲ್ಲ, ಅಷ್ಟು ಸಾಕು. ಇನ್ಮೇಲೆ ನಾನು ನೀರಿಗಿಳಿಯಲ್ಲ, ಇಲ್ಲೇ ಕೂತಿರ್ತೀನಿ." ಅವನು ಅತ್ತೆಯ ಮುಖವನ್ನೊಮ್ಮೆ ನೋಡಿ, ಇನ್ನೇನೋ ವಿವರಿಸಲು ತೆರೆದ ಬಾಯಿಯನ್ನು ಮುಚ್ಚಿಕೊಂಡು ಸದ್ದಿಲ್ಲದ ಯಂತ್ರವನ್ನು ಹೊತ್ತುಕೊಂಡು ಹೋದ.

ಮಕ್ಕಳು ಮತ್ತೆ ಬರತೊಡಗಿದರು. ಅವರು ಬರುವ ಮುಂಚೆ, ಬೆಳಗ್ಗೆ, ಅತ್ತೆ ಸೊಸೆ ಇಬ್ಬರೂ ಕೊಳದ ಬದಿಯಲ್ಲಿ ಕೂರುತ್ತಿದ್ದರು. ಆಮೆ ಏಣಿಯ ಕೆಳಗೆ ನಿಂತಾಗ ಅತ್ತೆ ತುಸು ಕಾದು, "ಸಾಕು ಬಾರೋ ಮಗಾ" ಎನ್ನುತ್ತಿದ್ದರು. ಅದು ಹೊರಡುತ್ತಿತ್ತು. ಕರೆಯದಿದ್ದರೂ ಹೊರಡುತ್ತದೆ ಎಂದು ಅವಳು ಒಮ್ಮೆಯೂ ಹೇಳಲಿಲ್ಲ.

ಒಂದು ದಿನ ಅತ್ತೆಗೆ ಜ್ವರ. ಮಲಗಿದಲ್ಲಿಂದ ಏಳಲಿಲ್ಲ. ಅವಳು ಒಬ್ಬಳೇ ಬಂದು ಆಮೆಯನ್ನು ಬಿಟ್ಟು ಕೂತಳು. ಅದು ತಿಕ್ಕುತ್ತಾ ತಿಕ್ಕುತ್ತಾ ಆಳಕ್ಕಿಳಿಯಿತು, ಏಣಿಯ ಕೆಳಗೆ ಹೋಯಿತು, ನಿಂತಿತು. ಅವಳು ಕಾದಳು. ನೀರು ಅಲುಗುವುದನ್ನು ಬಿಟ್ಟಿತು. ಏಣಿಯ ನೆರಳು ತಳದಲ್ಲಿ ನೆಟ್ಟಗೆ ಮೂಡಿ ನಿಂತಿತು. ಬೇರೆ ದಿನವಾದರೆ ಇಷ್ಟರಲ್ಲಿ ಹೊರಟಿರುತ್ತಿತ್ತು. ಇನ್ನೂ ಕಾದಳು. ಗುಂಡಿ ಕೈಗೆಟುಕುವ ಹಾಗೇ ಇತ್ತು, ಆದರೆ ಒತ್ತಲಿಲ್ಲ. ಆಚೀಚೆ ಬೇಲಿಯ ಕಡೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ಮುಂದೆ ಬಾಗಿ, ನೀರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

"ರೀ... ಸಾಕು, ಬನ್ನಿ."

ಆಮೆ ಹೊರಳಿತು.

ಅದು ಕೆಲಸ ಮುಗಿಸಿದ ಮೇಲೆ ಎತ್ತಿ, ಹೊಟ್ಟೆಯ ಚೀಲ ಬಿಚ್ಚಿ, ಮರಳನ್ನೂ ಎಲೆಯನ್ನೂ ಕೊಡವಿ ನಲ್ಲಿಯಡಿ ತೊಳೆದಳು. ಕೈ ಒರೆಸಿಕೊಂಡು ಒಳಗೆ ಹೋದಳು. ಅತ್ತೆ ಎಚ್ಚರವಾಗಿದ್ದರು.

"ಇವತ್ತೂ ನಿಂತಿತ್ತಾ?"

"ನಿಂತಿತ್ತು ಅತ್ತೆ."

"ಕರೆದ್ಯಾ?"

"ಹೂಂ."

"ಏನಂತ ಕರೆದೆ?"

ಅವಳು ಅತ್ತೆಯ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ತಿರುಗಿಸಿ ಹಾಕಿದಳು. "ಯಾವಾಗ್ಲೂ ಕರೀತಿದ್ದ ಹಾಗೇ" ಎಂದಳು.